ಹೊಲಿಗೆ ಬಿಚ್ಚಿದ ಮೇಲೆ ಶುರುವಾಗುವ ಕೆಲಸ: ಕೈಗಾಯ, ಅದರ ಕಲೆ ಮತ್ತು ಆರೈಕೆ

ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಮನೆಯವರಿಗೆಲ್ಲ ನಿರಾಳ. ಗಾಯ ಕೂಡಿದೆ, ಕೀವಿಲ್ಲ, ಇನ್ನೇನು ಮುಗಿಯಿತು ಅನಿಸುತ್ತದೆ. ಮೊಣಕಾಲಿನ ಗಾಯಕ್ಕೋ ಹೊಟ್ಟೆಯ ಆಪರೇಷನ್ನಿಗೋ ಆ ಮಾತು ಹೆಚ್ಚುಕಡಿಮೆ ಸರಿ. ಕೈಗೆ ಸರಿಯಲ್ಲ. ಕೈಯಲ್ಲಿ ಆ ದಿನದಿಂದ ಇನ್ನೊಂದು ಕೆಲಸ ಶುರುವಾಗುತ್ತದೆ. ಅದನ್ನು ಮಾಡದೆ ಬಿಟ್ಟರೆ ಎರಡು ತಿಂಗಳಾದ ಮೇಲೆ ಬೆರಳು ಪೂರ್ತಿ ಮಡಚುವುದಿಲ್ಲ. ಮುದ್ದೆ ಮುರಿಯಲು, ಶರ್ಟಿನ ಗುಂಡಿ ಹಾಕಲು, ಸ್ಕೂಟರಿನ ಬ್ರೇಕ್ ಹಿಡಿಯಲು ಪರದಾಟ. ಆಗ ಡಾಕ್ಟರ ಹತ್ತಿರ ಓಡಿದರೆ ಅವರು ಕೇಳುವ ಮೊದಲ ಪ್ರಶ್ನೆ, ‘ಇಷ್ಟು ದಿನ ವ್ಯಾಯಾಮ ಮಾಡಿದ್ರಾ?’

ಕಾರಣ ಕೈಯ ರಚನೆಯಲ್ಲೇ ಇದೆ. ಅದು ಬಹಳ ಇಕ್ಕಟ್ಟಿನ ಜಾಗ. ಬೆರಳಿನ ಚರ್ಮದಿಂದ ಕೆಲವೇ ಮಿಲಿಮೀಟರ್ ಒಳಗೆ ಟೆಂಡನ್, ನರ, ರಕ್ತನಾಳ, ಮೂಳೆ ಎಲ್ಲವೂ ಒಂದಕ್ಕೊಂದು ತಾಗಿಕೊಂಡಿವೆ. ಟೆಂಡನ್ ಅಂದರೆ ಸ್ನಾಯುವಿನ ಎಳೆತವನ್ನು ಮೂಳೆಗೆ ಮುಟ್ಟಿಸುವ ಗಟ್ಟಿ ನಾರು. ಬೆರಳು ಮಡಚುವ ದೊಡ್ಡ ಸ್ನಾಯುಗಳು ಬೆರಳಲ್ಲಿಲ್ಲ, ಮೊಣಕೈ ಕೆಳಗಿನ ತೋಳಿನಲ್ಲಿವೆ. ಅಲ್ಲಿಂದ ಹೊರಟ ಟೆಂಡನ್ ಮಣಿಕಟ್ಟು ದಾಟಿ, ಬೆರಳಿನ ಉದ್ದಕ್ಕೂ ಇರುವ ಕೊಳವೆಯೊಳಗೆ ಸೈಕಲ್ಲಿನ ಬ್ರೇಕ್ ವೈರಿನ ಹಾಗೆ ಜಾರುತ್ತದೆ. ಅದು ಜಾರಿದರೆ ಮಾತ್ರ ಬೆರಳು ಮಡಚುತ್ತದೆ.

ಗಾಯ ಮಾಯುವಾಗ ದೇಹ ಕೊಲಾಜೆನ್ ಎಂಬ ಹೊಸ ನಾರನ್ನು ಕಟ್ಟುತ್ತದೆ. ಆ ನಾರು ಇದು ಚರ್ಮ, ಇದು ಟೆಂಡನ್ ಎಂದು ಭೇದ ಮಾಡುವುದಿಲ್ಲ. ಗಾಯದೊಳಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ ಅಂಟಿಸುತ್ತದೆ. ಹೊರಗಿನಿಂದ ನೋಡಿದರೆ ಗಾಯ ಚೆನ್ನಾಗಿ ಕೂಡಿರುತ್ತದೆ. ಒಳಗೆ ಟೆಂಡನ್ ತನ್ನ ಕೊಳವೆಗೇ ಅಂಟಿರುತ್ತದೆ. ಹಾಗಾಗಿ ಕೈಗಾಯದ ಕಲೆ ನೋಡಲು ಹೇಗಿದೆ ಅನ್ನುವುದು ಆಮೇಲಿನ ಮಾತು. ಅದು ಬೆರಳನ್ನು ಆಡಲು ಬಿಡುತ್ತದೋ ಇಲ್ಲವೋ ಅನ್ನುವುದು ಮೊದಲು.

ಇಲ್ಲಿ ಬರೆದಿರುವುದು ಎಲ್ಲರಿಗೂ ಹೊಂದುವ ಸಾಮಾನ್ಯ ವಿವರ. ನಿಮ್ಮ ಕೈಯೊಳಗೆ ಏನು ಕತ್ತರಿಸಿತ್ತು, ಏನನ್ನು ಹೊಲಿದರು ಅನ್ನುವುದು ಆಪರೇಷನ್ ಮಾಡಿದವರಿಗೆ ಗೊತ್ತು. ಅವರು ಬೇರೆ ಹೇಳಿದ್ದರೆ ಅದೇ ಸರಿ.

ಮೊದಲ ಗಂಟೆ

ಬೆಂಗಳೂರಿನಲ್ಲಿ ಕೈ ಕೆಡುವ ದಾರಿಗಳು ಹಲವು. ಅಡುಗೆಮನೆಯಲ್ಲಿ ತೆಂಗಿನಕಾಯಿ ಸುಲಿಯುವಾಗ, ಮಿಕ್ಸಿ ಬ್ಲೇಡ್ ತೊಳೆಯುವಾಗ. ಪೀಣ್ಯದ ಶೆಡ್ಡುಗಳಲ್ಲಿ ಪವರ್ ಪ್ರೆಸ್ಸಿಗೆ ಸಿಕ್ಕಿ. ಗಾರ್ಮೆಂಟ್ಸ್‌ನಲ್ಲಿ ಸೂಜಿ ಬೆರಳಿಗೆ ಇಳಿದು. ಬೈಕಿನಿಂದ ಬಿದ್ದು ಅಂಗೈ ಊರಿದಾಗ. ದೀಪಾವಳಿಯಲ್ಲಿ ಹೂಕುಂಡ ಕೈಯಲ್ಲೇ ಸಿಡಿದು.

ಏನೇ ಆಗಲಿ, ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಕೈ ಮೇಲೆತ್ತಬೇಕು. ಹತ್ತು ನಿಮಿಷ ಬಿಡದೆ ಒತ್ತಬೇಕು. ನಿಂತಿತಾ ಎಂದು ನಿಮಿಷಕ್ಕೊಮ್ಮೆ ಬಟ್ಟೆ ತೆಗೆದು ನೋಡಿದರೆ ಹೆಪ್ಪುಗಟ್ಟಿದ್ದು ಮತ್ತೆ ಬಿಟ್ಟುಕೊಳ್ಳುತ್ತದೆ. ಉಂಗುರ, ಬಳೆ ಕೂಡಲೇ ತೆಗೆಯಿರಿ. ಅರ್ಧ ಗಂಟೆ ಕಳೆದರೆ ಊದಿಕೊಂಡು ಕತ್ತರಿಸಿಯೇ ತೆಗೆಯಬೇಕಾಗಬಹುದು.

ಕಾಫಿ ಪುಡಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಕೈ ಕೊಯ್ದುಕೊಂಡರೆ ಮೊದಲು ನೆನಪಾಗುವುದು ಕಾಫಿ ಪುಡಿ, ಆಮೇಲೆ ಅರಿಶಿನ. ರಕ್ತ ನಿಂತಂತೆ ಕಾಣುತ್ತದೆ, ನಿಜ. ಆದರೆ ಹೊಲಿಗೆ ಹಾಕುವ ಮುಂಚೆ ಆ ಒಂದೊಂದು ಕಾಳನ್ನೂ ಉಜ್ಜಿ ತೆಗೆಯಲೇಬೇಕು. ಆ ನೋವು ನಿಮ್ಮದೇ. ಉಳಿದುಹೋದ ಕಾಳು ಸೋಂಕಿಗೆ ದಾರಿ, ಕೆಲವೊಮ್ಮೆ ಚರ್ಮದೊಳಗೆ ಹಚ್ಚೆಯಂತೆ ಕಪ್ಪಾಗಿ ನಿಲ್ಲುವುದೂ ಉಂಟು. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡನ್ನು ತೆರೆದ ಗಾಯಕ್ಕೆ ಸುರಿಯುವುದೂ ಒಳ್ಳೆಯದಲ್ಲ. ಅವು ಕ್ರಿಮಿಗಳ ಜೊತೆ ಗಾಯ ಮುಚ್ಚಲು ಬರುವ ಜೀವಕೋಶಗಳನ್ನೂ ಕೊಲ್ಲುತ್ತವೆ. ಉರಿದರೆ ಕೆಲಸ ಮಾಡ್ತಿದೆ ಎಂದರ್ಥವಲ್ಲ. ಹರಿಯುವ ನೀರು ಸಾಕು. ಕುಡಿಯಲು ಯೋಗ್ಯವಾದ ನೀರು ಗಾಯ ತೊಳೆಯಲೂ ಯೋಗ್ಯ. ಬೋರ್‌ವೆಲ್ಲಿನದೋ ಟ್ಯಾಂಕರಿನದೋ ನೀರಾದರೆ ಫಿಲ್ಟರ್ ಮಾಡಿದ್ದು ಅಥವಾ ಕುದಿಸಿ ಆರಿಸಿದ್ದು ಬಳಸಿ.

ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣನೆಯ ನಲ್ಲಿ ನೀರು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಇಂಕ್ ಬೇಡ. ನಾಯಿ ಕಚ್ಚಿದ್ದರೆ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆಗೆ ಹೋಗಬೇಕು. ಜಗಳದಲ್ಲಿ ಗುದ್ದಿದಾಗ ಎದುರಿನವನ ಹಲ್ಲು ತಾಗಿ ಗೆಣ್ಣಿನ ಮೇಲೆ ಆಗುವ ಪುಟ್ಟ ಗಾಯವನ್ನು ಜನ ಬಚ್ಚಿಡುತ್ತಾರೆ. ಅದು ಕೈಗಾಯಗಳಲ್ಲೇ ಅಪಾಯದ್ದು. ಮುಷ್ಟಿ ಕಟ್ಟಿದಾಗ ಹಲ್ಲು ನೇರ ಕೀಲಿನೊಳಕ್ಕೆ ಹೋಗಿರಬಹುದು, ಬಾಯಿಯ ಕ್ರಿಮಿಗಳು ಅಲ್ಲಿ ಬೆಳೆಯುತ್ತವೆ. ಡಾಕ್ಟರಿಗೆ ನಿಜ ಹೇಳಿ.

ಗಾಯ ಎಷ್ಟು ಉದ್ದ ಅನ್ನುವುದರಿಂದ ಒಳಗಿನ ಹಾನಿ ಗೊತ್ತಾಗುವುದಿಲ್ಲ. ಗಾಜು ಚುಚ್ಚಿದ ಒಂದು ಸೆಂಟಿಮೀಟರ್ ಗಾಯದೊಳಗೆ ಟೆಂಡನ್ನೂ ನರವೂ ತುಂಡಾಗಿರಬಹುದು. ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ಪ್ರತಿ ಬೆರಳಿನ ತುದಿಯ ಗೆಣ್ಣೂ ತಾನಾಗಿ ಮಡಚಿ ನೆಟ್ಟಗಾಗುತ್ತದೆಯೇ? ಬೆರಳ ತುದಿಯ ಎರಡೂ ಪಕ್ಕ ಮುಟ್ಟಿದರೆ ಮಾಮೂಲಿನಂತೆ ತಿಳಿಯುತ್ತದೆಯೇ? ಎರಡರಲ್ಲಿ ಒಂದಕ್ಕೆ ಉತ್ತರ ಇಲ್ಲ ಅಂತಾದರೂ ಗಾಯ ಎಷ್ಟೇ ಚಿಕ್ಕದಿರಲಿ, ಕೈ ಸರ್ಜರಿ ಗೊತ್ತಿರುವವರು ನೋಡಬೇಕು. ಬರೀ ಚರ್ಮ ಹೊಲಿದು ಕಳಿಸಿದರೆ ತಿಂಗಳಾದ ಮೇಲೆ ತೊಂದರೆ ಗೊತ್ತಾಗುತ್ತದೆ. ಅಷ್ಟರಲ್ಲಿ ತುಂಡಾದ ಟೆಂಡನ್ ಹಿಂದಕ್ಕೆ ಸರಿದು, ಹೊಲಿಯುವುದು ಕಷ್ಟವಾಗಿರುತ್ತದೆ.

ಬೆರಳೇ ತುಂಡಾಗಿ ಬಿದ್ದಿದ್ದರೆ ಅದನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿ ಇಡಬೇಕು. ಐಸ್ ನೇರವಾಗಿ ಬೆರಳಿಗೆ ತಾಗಬಾರದು, ತಾಗಿದರೆ ಅಂಗಾಂಶ ಹೆಪ್ಪುಗಟ್ಟಿ ಸಾಯುತ್ತದೆ. ಬೆರಳಲ್ಲಿ ಸ್ನಾಯು ಇಲ್ಲದ ಕಾರಣ ಅದು ಕೈಗಿಂತ ಜಾಸ್ತಿ ಹೊತ್ತು ತಾಳುತ್ತದೆ. ತುಂಡಾದ ಹೆಬ್ಬೆರಳನ್ನು ಜಪಾನಿನ ಸರ್ಜನ್‌ಗಳು ಮೊದಲ ಬಾರಿ ಯಶಸ್ವಿಯಾಗಿ ಮರಳಿ ಜೋಡಿಸಿದ್ದು 1965ರಲ್ಲಿ. ಇಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಈ ಸರ್ಜರಿ ಆಗುತ್ತದೆ. ಆದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ತಲುಪಿದ ಮೇಲೆ ‘ಇಲ್ಲಿ ಮಾಡಲ್ಲ’ ಎಂದು ಕೇಳಿಸಿಕೊಳ್ಳುವುದಕ್ಕಿಂತ, ಹೊರಡುವ ಮುಂಚೆ ಫೋನ್ ಮಾಡಿ ಕೇಳುವುದು ಜಾಣತನ.

ಟೆಟನಸ್ ಇಂಜೆಕ್ಷನ್ ಮರೆಯಬೇಡಿ. ಮಣ್ಣು, ತುಕ್ಕು ತಾಗಿದ ಗಾಯಕ್ಕೆ ಹಿಂದಿನ ಡೋಸ್ ಆಗಿ ಐದು ವರ್ಷ ದಾಟಿದ್ದರೆ ಮತ್ತೆ ಬೇಕು. ಶುದ್ಧವಾದ ಸಣ್ಣ ಗಾಯಕ್ಕೆ ಹತ್ತು ವರ್ಷದ ಲೆಕ್ಕ.

ಪಟ್ಟಿ ಕಟ್ಟಿದ ದಿನಗಳು

‘ಗಾಯಕ್ಕೆ ಗಾಳಿ ಆಡಬೇಕು, ಒಣಗಬೇಕು’ ಅನ್ನುವುದು ಮನೆಮನೆಯ ಮಾತು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕ ಹಂದಿಗಳ ಚರ್ಮದ ಮೇಲೆ ಇದನ್ನು ಪರೀಕ್ಷಿಸಿದರು. ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ, ಒಣಗಿ ಹಕ್ಕಳೆ ಕಟ್ಟಿದ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಬಂತು. ಹಕ್ಕಳೆ ಇದ್ದರೆ ಹೊಸ ಕೋಶಗಳು ಅದರ ಅಡಿಯಲ್ಲಿ ದಾರಿ ಕೊರೆದುಕೊಂಡು ಹೋಗಬೇಕು, ತೇವ ಇದ್ದರೆ ಸಲೀಸಾಗಿ ಹರಡುತ್ತವೆ. ವ್ಯಾಸಲೀನ್ ಹಚ್ಚಿದ ಗಾಜ್ ಬಟ್ಟೆ, ಅದರ ಮೇಲೊಂದು ತೆಳು ಪಟ್ಟಿ, ಇಷ್ಟೇ ಬೇಕಾದದ್ದು. ಹಾಗೆಂದು ನೀರಲ್ಲಿ ನೆಂದ ಪಟ್ಟಿಯನ್ನು ಹಾಗೇ ಬಿಡಬಾರದು. ಸುತ್ತಲ ಚರ್ಮ ಬೆಳ್ಳಗೆ ಸುಕ್ಕಾಗಿ ಮೆತ್ತಗಾದರೆ ತೇವ ಜಾಸ್ತಿಯಾಯಿತು ಎಂದರ್ಥ.

ಕೈಗೆ ಪಟ್ಟಿ ಕಟ್ಟುವಾಗ ಗಮನಿಸಬೇಕಾದದ್ದು ಅದರ ದಪ್ಪ. ಒಂದು ಬೆರಳಿನ ಗಾಯಕ್ಕೆ ಇಡೀ ಕೈಯನ್ನು ಬಾಕ್ಸಿಂಗ್ ಗ್ಲೌಸಿನಂತೆ ಸುತ್ತಿ ಕಳಿಸುವುದನ್ನು ಇಂದಿಗೂ ನೋಡುತ್ತೇವೆ. ಗಾಯವಾಗದ ನಾಲ್ಕು ಬೆರಳಿಗೂ ಎರಡು ವಾರ ಜೈಲು. ಆಡಲು ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ ಬೆರಳುಗಳು ಹೊರಗಿರುವಂತೆ ತೆಳುವಾಗಿ ಕಟ್ಟಿಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅಂಟಿಕೊಂಡ ಗಾಜ್ ಬಟ್ಟೆಯನ್ನು ಎಳೆದು ಕೀಳಬೇಡಿ. ಸಲೈನ್ ಹಾಕಿ ನೆನೆಸಿ, ತಾನಾಗಿ ಬಿಡುತ್ತದೆ.

ಕೈಯ ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಮುಖಕ್ಕಾದರೆ ಐದು ದಿನ ಸಾಕು. ಅಂಗೈ ಚರ್ಮ ದಪ್ಪ, ಮೇಲಾಗಿ ಸದಾ ಎಳೆದಾಡುವ ಜಾಗ, ಅದಕ್ಕೇ ಈ ವ್ಯತ್ಯಾಸ. ಬಿಚ್ಚಿದ ದಿನ ಗಾಯಕ್ಕೆ ಮಾಮೂಲಿ ಚರ್ಮದ ಶಕ್ತಿಯ ಸ್ವಲ್ಪ ಭಾಗ ಮಾತ್ರ ಬಂದಿರುತ್ತದೆ. ಮೂರು ತಿಂಗಳ ಹೊತ್ತಿಗೆ ಶೇ. 80ರ ಹತ್ತಿರ ಬರುತ್ತದೆ, ನೂರಕ್ಕೆ ನೂರು ಎಂದೂ ಬರುವುದಿಲ್ಲ. ಬಿಚ್ಚಿಸಿಕೊಂಡು ಬಂದ ಸಂಜೆಯೇ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಎತ್ತಬೇಡಿ ಅನ್ನುವುದು ಇದಕ್ಕೇ.

ಊಟದ ಮಾತು ಬಾರದೆ ಇರುತ್ತದೆಯೇ. ಬೇಳೆ ತಿಂದರೆ ಕೀವಾಗುತ್ತದೆ, ಬದನೆಕಾಯಿ ನಂಜು, ಮೊಟ್ಟೆ ಬೇಡ ಅಂತ ಹಿರಿಯರು ಪಥ್ಯ ಹೇಳುತ್ತಾರೆ. ಕೀವಾಗುವುದು ಬ್ಯಾಕ್ಟೀರಿಯಾದಿಂದ, ತೊಗರಿಬೇಳೆಯಿಂದ ಅಲ್ಲ. ಕೊಲಾಜೆನ್ ಕಟ್ಟಲು ಪ್ರೋಟೀನೇ ಬೇಕು. ಬೇಳೆ, ಮೊಟ್ಟೆ, ಮೀನು, ಹಾಲು, ಕಾಳು ಇವನ್ನೆಲ್ಲ ಬಿಟ್ಟು ಬರೀ ಗಂಜಿ ಕುಡಿದರೆ ಗಾಯಕ್ಕೇ ಉಪವಾಸ. ಕೊಲಾಜೆನ್ ಗಟ್ಟಿಯಾಗಲು ವಿಟಮಿನ್ ಸಿ ಬೇಕು, ಸೀಬೆಹಣ್ಣು, ನೆಲ್ಲಿಕಾಯಿ, ನಿಂಬೆಯಲ್ಲಿ ಧಾರಾಳವಾಗಿದೆ. ಸಕ್ಕರೆ ಕಾಯಿಲೆ ಇದ್ದವರು ಶುಗರ್ ಹಿಡಿತದಲ್ಲಿಡಬೇಕು. ಬೀಡಿ, ಸಿಗರೇಟಿನ ನಿಕೋಟಿನ್ ಬೆರಳಿನ ಸಣ್ಣ ರಕ್ತನಾಳಗಳನ್ನು ಮುದುರಿಸುತ್ತದೆ. ಬೆರಳು ಮರುಜೋಡಣೆ ಆದವರ ಹತ್ತಿರ ಪಕ್ಕದವರು ಸೇದುವುದನ್ನೂ ಸರ್ಜನ್‌ಗಳು ಬೇಡ ಅನ್ನುತ್ತಾರೆ.

ಬಾವು, ಬಿಗಿತ ಮತ್ತು ಒಂದು ನಿಷಿದ್ಧ ಪ್ರದೇಶ

ಕೈಯ ಹಿಂಭಾಗದ ಚರ್ಮ ಸಡಿಲ, ಅಂಗೈಯದು ಬಿಗಿ. ಆದ್ದರಿಂದ ಪೆಟ್ಟು ಅಂಗೈಗೆ ಬಿದ್ದರೂ ಬಾವು ಹಿಂಭಾಗದಲ್ಲಿ ಕಾಣಿಸುತ್ತದೆ. ಊದಿಕೊಂಡ ಕೈ ತನಗೆ ತಾನೇ ಒಂದು ಭಂಗಿಗೆ ಬೀಳುತ್ತದೆ. ಬೆರಳಿನ ಬುಡದ ಗೆಣ್ಣು ನೆಟ್ಟಗಾಗಿ, ಮಧ್ಯದ ಗೆಣ್ಣು ಬಾಗಿ ಕೂರುತ್ತದೆ. ಅದೇ ಭಂಗಿಯಲ್ಲಿ ಕೆಲವು ವಾರ ಕಳೆದರೆ ಕೀಲಿನ ಪಕ್ಕದ ಕಟ್ಟುಗಳು (ಲಿಗಮೆಂಟ್) ಗಿಡ್ಡವಾಗಿ ಬಿಗಿಯುತ್ತವೆ. ಸ್ಪ್ಲಿಂಟ್, ಅಂದರೆ ಕೈಯನ್ನು ಅಲುಗದಂತೆ ಹಿಡಿಯುವ ಗಟ್ಟಿ ಆಸರೆ, ಹಾಕುವವರು ಎಷ್ಟೋ ಸಲ ಇದಕ್ಕೆ ತದ್ವಿರುದ್ಧವಾದ ಭಂಗಿಯಲ್ಲಿ, ಬುಡದ ಗೆಣ್ಣು ಬಾಗಿಸಿ ಬೆರಳು ನೆಟ್ಟಗಿಟ್ಟು, ಕಟ್ಟುವುದು ಇದನ್ನು ತಪ್ಪಿಸಲು. ನೋಡಲು ವಿಚಿತ್ರ ಅನಿಸಿದರೂ ಅದು ಬೇಕೆಂದೇ ಹಾಗಿದೆ, ಮನೆಗೆ ಬಂದು ಸರಿಮಾಡಲು ಹೋಗಬೇಡಿ.

ಬಾವಿನ ನೀರಿನಲ್ಲಿ ಪ್ರೋಟೀನ್ ತುಂಬಿರುತ್ತದೆ. ಅದು ಇಳಿಯದೆ ನಿಂತಷ್ಟು ದಿನ ಒಳಗೆ ಅಂಟು ಬೆಳೆಯುತ್ತದೆ. ಇಳಿಸಲು ಮಾತ್ರೆಗಿಂತ ದೊಡ್ಡ ಔಷಧ ಕೈ ಎತ್ತಿ ಹಿಡಿಯುವುದು. ಎತ್ತುವುದು ಅಂದರೆ ಎದೆಗಿಂತ ಮೇಲೆ. ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿ ಕೈ ಹೊಟ್ಟೆಯ ಹತ್ತಿರ ನೇತಾಡಿದರೆ ಅದು ಎತ್ತಿದಂತಲ್ಲ. ರಾತ್ರಿ ಎರಡು ದಿಂಬಿನ ಮೇಲಿಡಿ. ಮೆಟ್ರೋದಲ್ಲಿ, ಬಸ್ಸಿನಲ್ಲಿ ಹೋಗುವಾಗ ಕೈಯನ್ನು ಎದುರು ಭುಜದ ಮೇಲೆ ಇಟ್ಟುಕೊಳ್ಳಿ, ಜನ ತಳ್ಳಾಡಿದರೂ ಪೆಟ್ಟು ಬೀಳುವುದಿಲ್ಲ. ಗಂಟೆಗೊಮ್ಮೆ ಭುಜ, ಮೊಣಕೈ ಆಡಿಸಿ. ಕೈಗೆ ಪೆಟ್ಟಾಗಿ ಭುಜ ಹಿಡಿದುಕೊಂಡವರು ಬಹಳ ಜನ.

ಇನ್ನು ಬೆರಳು ಆಡಿಸುವ ವಿಷಯ. ಬರೀ ಚರ್ಮದ ಗಾಯವಾದರೆ ಬೇಗನೆ ಆಡಿಸಲು ಶುರು ಮಾಡಬಹುದು. ಟೆಂಡನ್ ಹೊಲಿದಿದ್ದರೆ ಕಥೆಯೇ ಬೇರೆ. ಅಂಗೈಯಲ್ಲಿ ಬೆರಳುಗಳ ಬುಡಕ್ಕೆ ಹತ್ತಿರದ ಗೆರೆಯಿಂದ ಬೆರಳಿನ ನಡುಭಾಗದ ತನಕ ಇರುವ ಜಾಗದಲ್ಲಿ ಎರಡು ಟೆಂಡನ್‌ಗಳು ಒಂದೇ ಇಕ್ಕಟ್ಟಾದ ಕೊಳವೆಯಲ್ಲಿ ಓಡಾಡುತ್ತವೆ. ಅಮೆರಿಕದ ಸರ್ಜನ್ ಸ್ಟರ್ಲಿಂಗ್ ಬನೆಲ್ ಅದನ್ನು ‘ನೋ ಮ್ಯಾನ್ಸ್ ಲ್ಯಾಂಡ್’ ಎಂದು ಕರೆದರು. ಅಲ್ಲಿ ಹೊಲಿದ ಟೆಂಡನ್ ಖಂಡಿತ ಅಂಟಿಕೊಳ್ಳುತ್ತದೆ ಎಂದು ಆ ಕಾಲದವರು ಅಲ್ಲಿಗೆ ಕೈಯೇ ಹಾಕುತ್ತಿರಲಿಲ್ಲ. ಚರ್ಮವನ್ನಷ್ಟೇ ಮುಚ್ಚಿ, ಆಮೇಲೆ ಬೇರೆಡೆಯ ಟೆಂಡನ್ ತಂದು ಹಾಕುತ್ತಿದ್ದರು. ಆ ಭಯ ಕಳೆದದ್ದು ಒಳ್ಳೆಯ ದಾರ, ಒಳ್ಳೆಯ ಹೊಲಿಗೆಯ ಜೊತೆಗೆ ಇನ್ನೊಂದು ವಿಷಯ ಅರ್ಥವಾದ ಮೇಲೆ. ಹೊಲಿದ ಟೆಂಡನ್ನನ್ನು ಕೆಲವೇ ದಿನಗಳಲ್ಲಿ ಹದವಾಗಿ ಜಾರಿಸಿದರೆ ಅದು ಕೊಳವೆಗೆ ಅಂಟುವುದು ಕಡಿಮೆ, ಗಟ್ಟಿಯಾಗುವುದೂ ಚೆನ್ನಾಗಿ.

ಆದರೆ ‘ಹದ’ ಅನ್ನುವುದೇ ಇಲ್ಲಿ ಎಲ್ಲ. ಆಡಿಸದಿದ್ದರೆ ಅಂಟುತ್ತದೆ, ಜೋರಾಗಿ ಆಡಿಸಿದರೆ ಹೊಲಿಗೆ ಕಿತ್ತು ಹೋಗುತ್ತದೆ. ಮೊದಲ ಒಂದೆರಡು ವಾರ ಹೊಲಿಗೆ ತುಂಬ ದುರ್ಬಲ. ಸಾಮಾನ್ಯವಾಗಿ ಆರು ವಾರದ ತನಕ ಸ್ಪ್ಲಿಂಟಿನ ರಕ್ಷಣೆಯಲ್ಲೇ, ಥೆರಪಿಸ್ಟ್ ಹೇಳಿದ ಅಳತೆಯಲ್ಲೇ ವ್ಯಾಯಾಮ. ಭಾರ ಎತ್ತುವುದು 12 ವಾರ ಕಳೆದ ಮೇಲೆ. ಸ್ನಾನಕ್ಕೆಂದು ಸ್ಪ್ಲಿಂಟ್ ಬಿಚ್ಚಿಟ್ಟು, ಜಾರಿ ಬೀಳುವ ಸೋಪನ್ನು ಗಬಕ್ಕನೆ ಹಿಡಿಯಲು ಹೋದರೂ ಟೆಂಡನ್ ಕಿತ್ತುಕೊಳ್ಳಬಹುದು. ಪಕ್ಕದ ಮನೆಯವರು ಕೊಟ್ಟ ಸ್ಪಂಜ್ ಚೆಂಡು ಹಿಸುಕುವುದು ಈ ಹಂತದಲ್ಲಿ ಅತ್ಯಂತ ಕೆಟ್ಟ ಸಲಹೆ.

ಕಲೆ ಏಕೆ ಮೊದಲು ಕೆಟ್ಟದಾಗುತ್ತದೆ

ಹೊಲಿಗೆ ಬಿಚ್ಚಿದಾಗ ಗಾಯ ತೆಳ್ಳಗೆ ಗೆರೆಯಂತೆ ಚಂದವಾಗಿರುತ್ತದೆ. ಆರು ವಾರದಲ್ಲಿ ಅದೇ ಗೆರೆ ಕೆಂಪಾಗಿ, ಉಬ್ಬಿ, ಗಟ್ಟಿಯಾಗಿ, ತುರಿಸಲು ಶುರುವಾಗುತ್ತದೆ. ಏನೋ ಎಡವಟ್ಟಾಯಿತು ಎಂದು ಜನ ಹೆದರುತ್ತಾರೆ. ಇದು ಗಾಯದ ಸಹಜ ನಡೆ. ಮೊದಲ ಕೆಲವು ದಿನ ಕಸ ತೆಗೆಯುವ ಕೆಲಸ, ಆಮೇಲೆ ಮೂರು ವಾರದ ತನಕ ಅವಸರವಾಗಿ ಕೊಲಾಜೆನ್ ತುಂಬುವ ಕೆಲಸ. ಆಗ ನಾರುಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಅಲ್ಲಿಂದ ಮುಂದೆ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಹಳೆ ನಾರು ಕರಗಿಸಿ ಹೊಸದನ್ನು ಎಳೆತದ ದಿಕ್ಕಿಗೆ ಹೊಂದಿಸಿ ಕಟ್ಟುವ ಕೆಲಸ. ಕಲೆ ಉಬ್ಬುವುದು ಮೊದಲ ಮೂರ್ನಾಲ್ಕು ತಿಂಗಳು, ಆಮೇಲೆ ನಿಧಾನವಾಗಿ ಮೆತ್ತಗಾಗಿ, ಚಪ್ಪಟೆಯಾಗಿ, ಬಣ್ಣ ಇಳಿಯುತ್ತದೆ. ನಾವು ಮಾಡುವ ಆರೈಕೆಯೆಲ್ಲ ಈ ಕಟ್ಟುವ ಕಾಲದಲ್ಲಿ ನಾರುಗಳನ್ನು ಸರಿದಾರಿಗೆ ತರುವುದಕ್ಕೆ. ವರ್ಷ ಕಳೆದು ಬಿಳಿಯಾಗಿ ಕೂತ ಕಲೆಗೆ ಎಷ್ಟು ತಿಕ್ಕಿದರೂ ಅಷ್ಟು ಫಲವಿಲ್ಲ.

ಗಾಯದ ಗಡಿಯೊಳಗೇ ಉಬ್ಬಿದ ಕಲೆ ಒಂದು ಬಗೆ, ಅದು ಕಾಲಕ್ರಮೇಣ ಇಳಿಯಬಹುದು. ಗಡಿ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬುವ ಕೀಲಾಯ್ಡ್ ಇನ್ನೊಂದು ಬಗೆ. ಅದು ತಾನಾಗಿ ಇಳಿಯುವುದು ಅಪರೂಪ, ಬರೀ ಕತ್ತರಿಸಿ ತೆಗೆದರೆ ಮತ್ತೆ ಬರುತ್ತದೆ. ನಮ್ಮಂಥ ಕಂದು ಚರ್ಮದವರಲ್ಲಿ ಜಾಸ್ತಿಯಾದರೂ ಅದರ ಇಷ್ಟದ ಜಾಗ ಕಿವಿ, ಎದೆ, ಭುಜ. ಅಂಗೈಯಲ್ಲಿ ಬಹಳ ಅಪರೂಪ. ಕೈಯಲ್ಲಿ ನಿಜವಾಗಿ ಕಾಡುವುದು ಮೂರನೆಯದು, ಕಲೆ ಕುಗ್ಗುವುದು. ಬೆರಳಿನ ಅಂಗೈ ಕಡೆಯಲ್ಲಿ ಗೆಣ್ಣಿನ ಗೆರೆಗಳನ್ನು ನೇರವಾಗಿ ಅಡ್ಡ ಹಾಯ್ದು ಹೋದ ಉದ್ದದ ಕಲೆ ದಿನದಿನಕ್ಕೆ ಕುಗ್ಗಿ ಬೆರಳನ್ನು ಒಳಕ್ಕೆ ಎಳೆಯುತ್ತದೆ. ಸರ್ಜನ್‌ಗಳು ಬೆರಳನ್ನು ನೇರ ಗೆರೆಯಲ್ಲಿ ಕೊಯ್ಯದೆ ಅಂಕುಡೊಂಕಾಗಿ ಕೊಯ್ಯುವುದು ಅದಕ್ಕೇ. ಅಪಘಾತದ ಗಾಯ ಹೇಳಿಕೇಳಿ ಆಗುವುದಿಲ್ಲ, ಹಾಗಾಗಿ ಅಂಥ ಕಲೆಗೆ ರಾತ್ರಿ ಹೊತ್ತು ಬೆರಳನ್ನು ನೆಟ್ಟಗೆ ಹಿಡಿಯುವ ಸ್ಪ್ಲಿಂಟ್ ತಿಂಗಳುಗಟ್ಟಲೆ ಬೇಕಾಗಬಹುದು.

ಒತ್ತುವುದು, ತಿಕ್ಕುವುದು, ಮುಚ್ಚುವುದು

ಮಸಾಜ್ ಶುರು ಮಾಡಲು ಗಾಯ ಪೂರ್ತಿ ಮುಚ್ಚಿರಬೇಕು, ಹಕ್ಕಳೆ ಉದುರಿರಬೇಕು, ಎಲ್ಲೂ ಒಸರಬಾರದು. ಸಾಮಾನ್ಯವಾಗಿ ಹೊಲಿಗೆ ಬಿಚ್ಚಿದ ಕೆಲವು ದಿನಗಳ ನಂತರ. ಚರ್ಮ ಕಸಿ ಮಾಡಿದ್ದರೆ ಇನ್ನೂ ತಡ, ಕೇಳಿಯೇ ಮಾಡಿ. ಹೆಬ್ಬೆರಳಿನಿಂದ ಕಲೆಯ ಮೇಲೆ ಅದು ಬಿಳಿಚುವಷ್ಟು ಒತ್ತಿ, ಒತ್ತಿದ ಬೆರಳು ಚರ್ಮದ ಮೇಲೆ ಜಾರದಂತೆ, ಚರ್ಮವನ್ನೇ ಒಳಗಿನ ಪದರದ ಮೇಲೆ ಸರಿಸಬೇಕು. ಉದ್ದಕ್ಕೆ, ಅಡ್ಡಕ್ಕೆ, ಸುತ್ತಲೂ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ. ಮೇಲೆ ಮೇಲೆ ಎಣ್ಣೆ ಸವರಿದರೆ ಮಸಾಜ್ ಆಗಲಿಲ್ಲ. ಕಲೆ ಎಲ್ಲಿ ಕೆಳಗೆ ಅಂಟಿದೆ ಅನ್ನುವುದು ಒತ್ತಿದಾಗ ಗೊತ್ತಾಗುತ್ತದೆ, ಬೆರಳು ಮಡಚಿದಾಗ ಅಲ್ಲಿ ಗುಳಿ ಬೀಳುತ್ತದೆ. ಅಲ್ಲೇ ಜಾಸ್ತಿ ಹೊತ್ತು ನಿಲ್ಲಿ. ಮರುದಿನ ಚರ್ಮ ಕೆರೆದುಹೋಗಿದ್ದರೆ, ಗುಳ್ಳೆ ಬಂದಿದ್ದರೆ ಒಂದೆರಡು ದಿನ ಬಿಡಿ.

ಯಾವ ಎಣ್ಣೆ? ಕೊಬ್ಬರಿ ಎಣ್ಣೆ ಆಗುತ್ತದೆ, ವ್ಯಾಸಲೀನ್ ಆಗುತ್ತದೆ. ಕೆಲಸ ಮಾಡುವುದು ಬೆರಳ ಒತ್ತಡ, ಡಬ್ಬಿಯ ಮೇಲಿನ ಹೆಸರಲ್ಲ. ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಚ್ಚುವುದು ಜನಪ್ರಿಯ. 1999ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಅದರಿಂದ ಲಾಭ ಕಾಣಲಿಲ್ಲ, ಮೂರರಲ್ಲಿ ಒಬ್ಬರಿಗೆ ಚರ್ಮದ ಅಲರ್ಜಿ ಬಂತು. ‘ಕಲೆ ಮಾಯ’ ಎಂದು ಬರೆದ ದುಬಾರಿ ಕ್ರೀಮುಗಳ ದುಡ್ಡನ್ನು ನಾನಾದರೆ ಆಟೋಗೆ ಕೊಟ್ಟು ಥೆರಪಿಗೆ ಹೋಗುತ್ತೇನೆ.

ಹಣ ಹಾಕಲು ಅರ್ಥವಿರುವ ಒಂದೇ ವಸ್ತು ಸಿಲಿಕೋನ್. 1980ರ ದಶಕದ ಆರಂಭದಿಂದ ಸುಟ್ಟ ಕಲೆಗಳಿಗೆ ಬಳಸುತ್ತಿದ್ದಾರೆ. ಅದು ಚರ್ಮಕ್ಕೆ ಔಷಧ ಬಿಡುವುದಿಲ್ಲ. ಕಲೆಯಿಂದ ನೀರು ಆರಿಹೋಗದಂತೆ ಮುಚ್ಚುತ್ತದೆ, ಆಗ ಕೊಲಾಜೆನ್ ಕಟ್ಟುವ ಅಬ್ಬರ ಇಳಿಯುತ್ತದೆ ಎಂದು ತಿಳಿದವರ ಅಂದಾಜು. ಹಾಳೆಯಾದರೆ ದಿನಕ್ಕೆ 12 ಗಂಟೆಗಿಂತ ಜಾಸ್ತಿ, ಕನಿಷ್ಠ ಎರಡು ಮೂರು ತಿಂಗಳು ಹಾಕಬೇಕು. ಕಲೆಯ ಅಳತೆಗೆ ಕತ್ತರಿಸಿಕೊಳ್ಳಬಹುದು, ಸೋಪಿನಲ್ಲಿ ತೊಳೆದು ಮತ್ತೆ ಬಳಸಬಹುದು. ಏಪ್ರಿಲ್ ಸೆಕೆಯಲ್ಲಿ ಅದರಡಿ ಬೆವರಿ ಗುಳ್ಳೆ ಏಳುತ್ತದೆ. ಹಾಗಾದರೆ ರಾತ್ರಿ ಮಾತ್ರ ಹಾಕಿ, ಹಗಲು ಜೆಲ್ ಹಚ್ಚಿ. ಸದಾ ಆಡುವ ಬೆರಳಿಗೂ ಜೆಲ್ ಅನುಕೂಲ. ಸುಟ್ಟ ಗಾಯದಂಥ ಅಗಲವಾದ ಕಲೆಗೆ ಬಿಗಿಯಾದ ಒತ್ತುಗ್ಲೌಸ್ ಅಳತೆ ಕೊಟ್ಟು ಹೊಲಿಸುತ್ತಾರೆ, ಸ್ನಾನ, ಊಟ ಬಿಟ್ಟು ಉಳಿದ ಹೊತ್ತೆಲ್ಲ ಹಾಕಿರಬೇಕು.

ಬಿಸಿಲಿನ ಮಾತನ್ನು ಬೆಂಗಳೂರಿನವರು ಹಗುರವಾಗಿ ತೆಗೆದುಕೊಳ್ಳುತ್ತೇವೆ. ತಂಪು ಗಾಳಿ ಬೀಸುತ್ತಿದೆ, ಬಿಸಿಲೇನು ಮಾಡೀತು ಅಂತ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ತಂಪಿದ್ದರೂ ನೇರಳಾತೀತ ಕಿರಣ ಕಡಿಮೆಯಿಲ್ಲ. ಸ್ಕೂಟರ್ ಹ್ಯಾಂಡಲ್ ಹಿಡಿದ ಕೈಯ ಹಿಂಭಾಗಕ್ಕೆ ಅದು ನೇರ ಬೀಳುತ್ತದೆ. ಹೊಸ ಕಲೆ ಬಿಸಿಲಿಗೆ ಕಪ್ಪಾದರೆ ಆ ಬಣ್ಣ ಬೇಗ ಹೋಗುವುದಿಲ್ಲ. ಒಂದು ವರ್ಷ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಅಥವಾ ಗ್ಲೌಸ್.

ಮುಟ್ಟಿದರೆ ಜುಂ ಅನ್ನುವ ಕೈ

ಕೆಲವರಿಗೆ ಕಲೆ ಮುಟ್ಟಿದರೆ ಕರೆಂಟು ಹೊಡೆದಂತೆ ಆಗುತ್ತದೆ, ಶರ್ಟಿನ ತೋಳು ತಾಗಿದರೂ ಸಹಿಸಲು ಆಗುವುದಿಲ್ಲ. ಕತ್ತರಿಸಿದ ಸಣ್ಣ ನರಗಳು ಮತ್ತೆ ಬೆಳೆಯುವಾಗ ಹೀಗಾಗುತ್ತದೆ. ಮುಟ್ಟದೆ ಬಚ್ಚಿಟ್ಟರೆ ಇದು ಜಾಸ್ತಿಯಾಗುತ್ತದೆ. ಇದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ. ಮೊದಲು ಹತ್ತಿ, ಆಮೇಲೆ ಹಳೆ ರೇಷ್ಮೆ ಸೀರೆಯ ತುಂಡು, ಆಮೇಲೆ ಟವೆಲ್, ಕೊನೆಗೆ ಗೋಣಿ, ಹೀಗೆ ಮೆತ್ತನೆಯದರಿಂದ ಒರಟಿಗೆ ಹೋಗಿ. ಡಬ್ಬಿಯಲ್ಲಿ ರಾಗಿ ತುಂಬಿ ಅದರೊಳಗೆ ಕೈ ಆಡಿಸಿ, ಅಭ್ಯಾಸವಾದ ಮೇಲೆ ಅಕ್ಕಿ, ನಂತರ ಕಡಲೆಕಾಳು. ಒಂದು ಸಲಕ್ಕೆ ಕೆಲವೇ ನಿಮಿಷ, ದಿನಕ್ಕೆ ನಾಲ್ಕೈದು ಸಲ. ವಾರಗಳಲ್ಲಿ ಮಿದುಳು ಆ ಮುಟ್ಟುವಿಕೆಗೆ ಒಗ್ಗುತ್ತದೆ.

ನರ ಹೊಲಿದಿದ್ದರೆ ತೊಂದರೆ ಉಲ್ಟಾ, ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಲ್ಲಿ ಹೊಲಿದ ನರ ಬೆರಳ ತುದಿ ಮುಟ್ಟಲು ಆರು ತಿಂಗಳಾದರೂ ಬೇಕು. ಅಲ್ಲಿಯ ತನಕ ಕಾದ ಹೆಂಚು, ಸ್ಟೀಲ್ ಲೋಟದ ಕಾಫಿ, ಬೈಕಿನ ಸೈಲೆನ್ಸರ್ ಎಲ್ಲವೂ ಅಪಾಯ. ಸುಟ್ಟದ್ದು ಗುಳ್ಳೆ ಎದ್ದ ಮೇಲೆ ಗೊತ್ತಾಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಗಾಯದ ಬೆರಳು ಬಿಳಿಚಿ ನೋಯುವುದೂ ಸಾಮಾನ್ಯ. ಉಲ್ಲನ್ ಗ್ಲೌಸ್ ಹಾಕಿಕೊಳ್ಳಿ, ಹುಚ್ಚು ಅಂತ ಯಾರಾದರೂ ನಕ್ಕರೆ ನಗಲಿ.

ಯಾವಾಗ ಕಾಯಬಾರದು

ಬೆರಳಿಡೀ ಸಮವಾಗಿ ಊದಿಕೊಂಡು, ಸ್ವಲ್ಪ ಬಾಗಿ ನಿಂತು, ಅಂಗೈ ಕಡೆ ಉದ್ದಕ್ಕೂ ಮುಟ್ಟಿದರೆ ನೋವು, ಬೇರೆಯವರು ನೆಟ್ಟಗೆ ಮಾಡಿದರೆ ಪ್ರಾಣ ಹೋದಂತೆ ನೋವು. ಈ ನಾಲ್ಕನ್ನು ಅಲೆನ್ ಕನಾವೆಲ್ ಎಂಬ ಸರ್ಜನ್ ಹೆಸರಿನಿಂದಲೇ ಕರೆಯುತ್ತಾರೆ. ಟೆಂಡನ್ ಕೊಳವೆಯೊಳಗೆ ಕೀವು ಸೇರಿದೆ ಎಂಬ ಸೂಚನೆ. ಅದು ರಾತ್ರಿ ಹನ್ನೊಂದಕ್ಕೆ ಗೊತ್ತಾದರೂ ಬೆಳಗಾಗಲಿ ಅನ್ನಬೇಡಿ. ತೋಳಿನ ಮೇಲಕ್ಕೆ ಕೆಂಪು ಗೆರೆ ಹತ್ತುವುದು, ಚಳಿಜ್ವರ, ಬೆರಳು ನೀಲಿಯಾಗುವುದೂ ಹಾಗೆಯೇ. ಉಗುರುಸುತ್ತಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ವಾರ ಕಳೆಯುವ ಅಭ್ಯಾಸವೂ ಕೆಲವೊಮ್ಮೆ ಇಲ್ಲಿಗೇ ತಂದು ನಿಲ್ಲಿಸುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗಂತೂ ಬೇಡವೇ ಬೇಡ.

ಇನ್ನೊಂದು ನಿಧಾನವಾಗಿ ಬರುತ್ತದೆ. ಗಾಯ ಚಿಕ್ಕದು, ಆದರೂ ನೋವು ವಾರ ವಾರಕ್ಕೆ ಏರುತ್ತದೆ. ಕೈ ಉರಿ, ಬಾವು, ಬೆವರು, ಬಣ್ಣ ಬದಲು, ಚರ್ಮ ಮಿರಿಮಿರಿ ಹೊಳಪು. ‘ನಾಟಕ ಮಾಡ್ತಿದ್ದಾನೆ’ ಎಂದು ಮನೆಯವರು ತಳ್ಳಿಹಾಕುತ್ತಾರೆ. ಇದು ನಿಜವಾದ ಕಾಯಿಲೆ, ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್, ಚಿಕ್ಕದಾಗಿ ಸಿಆರ್‌ಪಿಎಸ್ ಎನ್ನುತ್ತಾರೆ. ಬೇಗ ಹಿಡಿದರೆ ಚಿಕಿತ್ಸೆಗೆ ಬಗ್ಗುತ್ತದೆ.

ಬೆಂಗಳೂರಿನಲ್ಲಿ ಸರ್ಕಾರಿ ಕಡೆ ಕೈಕಾಲಿನ ಅಪಘಾತಕ್ಕೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಇದೆ, ಸುಟ್ಟ ಗಾಯಕ್ಕೆ ವಿಕ್ಟೋರಿಯಾದಲ್ಲಿ ಪ್ರತ್ಯೇಕ ವಿಭಾಗ ಇದೆ. ಕಾರ್ಖಾನೆಯಲ್ಲಿ ಪೆಟ್ಟಾದವರಿಗೆ ಇಎಸ್‌ಐ ಇದ್ದರೆ ಚಿಕಿತ್ಸೆ ಮಾತ್ರವಲ್ಲ, ಕೆಲಸಕ್ಕೆ ಹೋಗಲಾಗದ ಅವಧಿಗೆ ಸಂಬಳದ ಶೇ. 90ರಷ್ಟು ಸಿಗುತ್ತದೆ. ಅದಕ್ಕೆ ಮಾಲೀಕರು ಅಪಘಾತದ ವರದಿ ಕಳಿಸಿರಬೇಕು. ‘ಸುಮ್ನೆ ಮನೇಲಿ ಬಿದ್ದೆ ಅಂತ ಹೇಳು’ ಎಂದರೆ ಒಪ್ಪಬೇಡಿ. ಈ ಹಣ ಯಾಕೆ ಮುಖ್ಯ ಅಂದರೆ, ಥೆರಪಿ ನಡುವೆ ಬಿಟ್ಟು ಹೋಗುವವರಲ್ಲಿ ಹೆಚ್ಚಿನವರು ಸೋಮಾರಿಗಳಲ್ಲ, ದಿನದ ಕೂಲಿ ತಪ್ಪುತ್ತದೆ ಎಂದು ಬಿಡುವವರು.

ಎಲ್ಲ ಮಾಡಿದ ಮೇಲೂ ಬೆರಳು ಸಾಕಷ್ಟು ಆಡದಿದ್ದರೆ ಎರಡನೆಯ ಆಪರೇಷನ್ನಿನ ಮಾತು ಬರುತ್ತದೆ. ಉಬ್ಬಿದ ಕಲೆಗೆ ಮೊದಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ನೋಡುತ್ತಾರೆ. ಬೆರಳನ್ನು ಎಳೆದ ಕಲೆಗೆ ಝೆಡ್ ಆಕಾರದಲ್ಲಿ ಕೊಯ್ದು ಎರಡು ತ್ರಿಕೋನಗಳನ್ನು ಅದಲುಬದಲು ಮಾಡಿ ಹೊಲಿಯುತ್ತಾರೆ. 60 ಡಿಗ್ರಿಯ ಕೋನದಲ್ಲಿ ಕೊಯ್ದರೆ ಆ ಗೆರೆ ಲೆಕ್ಕದಲ್ಲಿ ಶೇ. 75ರಷ್ಟು ಉದ್ದವಾಗುತ್ತದೆ. ಅಂಟಿದ ಟೆಂಡನ್ ಬಿಡಿಸುವ ಆಪರೇಷನ್ನಿಗೆ ಕೆಲವು ತಿಂಗಳು ಕಾಯಿಸುತ್ತಾರೆ, ಕಲೆ ಮೆತ್ತಗಾಗಬೇಕು, ಕೀಲುಗಳು ಬೇರೆಯವರು ಆಡಿಸಿದಾಗಲಾದರೂ ಪೂರ್ತಿ ಆಡುತ್ತಿರಬೇಕು. ಆ ಆಪರೇಷನ್ ಆದ ಮೇಲೆ ವಿಶ್ರಾಂತಿ ಇಲ್ಲ. ನೋವಿದ್ದರೂ ಒಂದೆರಡು ದಿನದೊಳಗೆ ಬೆರಳು ಆಡಿಸಲು ಶುರು ಮಾಡಿಸುತ್ತಾರೆ, ಏಕೆಂದರೆ ಬಿಡಿಸಿದ ಜಾಗದಲ್ಲಿ ಹೊಸ ನಾರು ಅದೇ ವಾರದಿಂದ ಕಟ್ಟಲು ತೊಡಗುತ್ತದೆ.